ಐದು ಮನೆ ಶ್ರುತಿ, ಹತ್ತು ಮಿಲಿಲೀಟರ್ ಉಸಿರು

ಬೆಳಿಗ್ಗೆ ಲ್ಯಾಬಿಗೆ ಹೋದ ಕೂಡಲೇ ನಾನು ಮಾಡುತ್ತಿದ್ದ ಮೊದಲ ಕೆಲಸ ಪಿಪೆಟ್ಟುಗಳ ಬಾಯಿಗೆ ಚೂರು ಚೂರು ಹತ್ತಿ ಸಿಕ್ಕಿಸುವುದು. ಪಿಪೆಟ್ಟೆಂದರೆ ನಡುವೆ ಹೊಟ್ಟೆ ಬಂದ ಉದ್ದನೆಯ ಗಾಜಿನ ನಳಿಗೆ. ಅದರ ಒಂದು ತುದಿಯನ್ನು ದ್ರಾವಣದಲ್ಲಿ ಅದ್ದಿ, ಇನ್ನೊಂದನ್ನು ತುಟಿಗಿಟ್ಟು, ಎಳನೀರು ಕುಡಿಯುವ ಹಾಗೆ ಹೀರಬೇಕು. ದ್ರಾವಣ ನಳಿಗೆಯ ಮೇಲೆ ಕೊರೆದ ಅಳತೆಯ ಗೆರೆ ದಾಟಿ ತುಸು ಮೇಲೆ ಬಂದಿತೋ ಇಲ್ಲವೋ, ತುಟಿ ತೆಗೆದು ತೋರುಬೆರಳಿನಿಂದ ಮುಚ್ಚಬೇಕು. ಆಮೇಲೆ ಬೆರಳನ್ನು ಕೂದಲೆಳೆಯಷ್ಟು ಸಡಿಲ ಮಾಡುತ್ತಾ ದ್ರಾವಣದ ಬಾಗಿದ ಮೈ ಸರಿಯಾಗಿ ಗೆರೆಯ ಮೇಲೆ ಬಂದು ಕೂರುವವರೆಗೆ ಇಳಿಸಬೇಕು. ಅಪ್ಪಿತಪ್ಪಿ ಜಾಸ್ತಿ ಎಳೆದರೆ ಬಾಯಿಗೆ ಬಂದೀತೆಂದು ಹತ್ತಿಯ ಕಾವಲು. ಈಗಿನ ಮಕ್ಕಳಿಗೆ ಇದನ್ನು ಹೇಳಿದರೆ ನಂಬುವುದೇ ಇಲ್ಲ. ಎಪ್ಪತ್ತರ ದಶಕದ ನ್ಯೂಜೆರ್ಸಿಯಲ್ಲಿ ನಾನು ಕಂಡವರೆಲ್ಲ ಹಾಗೇ ಮಾಡುತ್ತಿದ್ದರು. ಆಮ್ಲವಾಗಲಿ, ಕ್ಷಾರವಾಗಲಿ, ಬಾಯಿಂದಲೇ.

ಔಷಧ ತಯಾರಿಸುವ ಆ ಕಂಪನಿಯಲ್ಲಿ ನಾನು ಸೇರಿ ಕೆಲವೇ ವಾರಗಳಲ್ಲಿ ಈ ಕೆಲಸದಲ್ಲಿ ನನ್ನ ಕೈ ಚೊಕ್ಕ ಎಂದು ಹೆಸರಾಯಿತು. ಒಂದೇ ಮಾತ್ರೆಯ ಪುಡಿಯನ್ನು ಎರಡು ಸಲ ಪರೀಕ್ಷಿಸಿ ಎರಡೂ ಉತ್ತರ ಹೊಂದುತ್ತವೆಯೇ ಎಂದು ನೋಡುವುದು ನಮ್ಮಲ್ಲಿ ಪದ್ಧತಿ. ನನ್ನ ಜೋಡಿ ಉತ್ತರಗಳು ಅವಳಿ ಮಕ್ಕಳ ಹಾಗಿರುತ್ತವೆ ಎಂದು ನಮ್ಮ ಮೇಲಧಿಕಾರಿ ಇತರರಿಗೆ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಅವರು ಸಾಮಾನ್ಯವಾಗಿ ಯಾರನ್ನೂ ಹೊಗಳುವವರಲ್ಲ. ಬೂದು ಬಣ್ಣದ ಸ್ವೆಟರಿನ ಕೆಳಗಿನ ಗುಂಡಿಯನ್ನು ಯಾವಾಗಲೂ ತಪ್ಪಾದ ಕಾಜಿಗೆ ಹಾಕಿಕೊಂಡಿರುತ್ತಿದ್ದ, ಆದರೆ ಬೇರೆಯವರ ಒಂದು ಹನಿಯ ತಪ್ಪನ್ನೂ ಬಿಡದ ಮನುಷ್ಯ.

ಆ ಚೊಕ್ಕ ಕೈಯ ಗುಟ್ಟು ಕೈಯಲ್ಲಿರಲಿಲ್ಲ, ಉಸಿರಲ್ಲಿತ್ತು. ಮೈಸೂರಿನಲ್ಲಿ ನನ್ನ ಸಂಗೀತದ ಮೇಷ್ಟ್ರು, ‘ಉಸಿರಿನ ಅಸಲು ಮುಟ್ಟಬೇಡ, ಬಡ್ಡಿಯಲ್ಲಿ ಹಾಡು’ ಎಂದು ಹೇಳಿ ಹೇಳಿ ಒಂದೊಂದು ಸ್ವರವನ್ನೂ ಎಷ್ಟೋ ಹೊತ್ತು ಹಿಡಿಸುತ್ತಿದ್ದರು. ಕಾನ್ವೆಂಟಿನಲ್ಲಿ ಕಾಯರ್ ಗುಂಪಿಗೆ ಹಾಡು ಕಲಿಸುತ್ತಿದ್ದ ಸಿಸ್ಟರ್ ನಮ್ಮ ಸೊಂಟದ ಮೇಲೆ ಬೆರಳಿಟ್ಟು, ಉಸಿರು ಭುಜದಿಂದಲ್ಲ ಇಲ್ಲಿಂದ ಬರಬೇಕು ಅನ್ನುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಇಬ್ಬರು ಕೊಟ್ಟದ್ದೂ ಕೂಡಿ ನ್ಯೂಜೆರ್ಸಿಯ ಗಾಜಿನ ನಳಿಗೆಯೊಳಗೆ ಹತ್ತು ಮಿಲಿಲೀಟರ್ ಆಗಿ ಏರುತ್ತಿತ್ತು. ನನಗೆ ಒಳಗೊಳಗೇ ನಗು ಬರುತ್ತಿತ್ತು. ಆದರೆ ನಾನು ಹಾಡುತ್ತೇನೆಂದು ಲ್ಯಾಬಿನಲ್ಲಿ ಯಾರಿಗೂ ಹೇಳಿರಲಿಲ್ಲ. ಕೇಳದೆ ತನ್ನ ವಿಷಯ ತಾನೇ ಹೇಳಿಕೊಳ್ಳುವುದು ನಮ್ಮ ಮನೆಯಲ್ಲೂ ಇರಲಿಲ್ಲ, ಕಾನ್ವೆಂಟಿನಲ್ಲೂ ಇರಲಿಲ್ಲ.

ಮದುವೆಯಾಗಿ ಬಂದ ಮೇಲೆ ನನ್ನ ಹಾಡು ಹಬ್ಬ ಹುಣ್ಣಿಮೆಯ ಆರತಿಗೆ, ಯಾರದೋ ಮನೆಯ ಸೀಮಂತಕ್ಕೆ ಅಷ್ಟೇ ಉಳಿದಿತ್ತು. ಮಗಳು ಕಿಂಡರ್‌ಗಾರ್ಟನ್‌ಗೆ ಹೋಗಲು ಶುರು ಮಾಡಿದ ವರ್ಷ ಎರಡು ಬಾಗಿಲು ಒಟ್ಟಿಗೆ ತೆರೆದವು. ಒಂದು ಲ್ಯಾಬಿನ ಕೆಲಸ. ಇನ್ನೊಂದು, ಏಪ್ರಿಲಿನಲ್ಲಿ ಈಸ್ಟ್ ಬ್ರನ್ಸ್‌ವಿಕ್‌ನ ಒಂದು ಶಾಲೆಯ ಆಡಿಟೋರಿಯಂನಲ್ಲಿ ಪೂರ್ಣ ಕಚೇರಿ ಮಾಡಿ ಎಂಬ ಆಹ್ವಾನ. ಸುತ್ತಮುತ್ತಲಿನ ಕನ್ನಡದ ಮನೆಗಳವರು ಸೇರಿ ಇಟ್ಟುಕೊಂಡ ಕಾರ್ಯಕ್ರಮ. ವರ್ಣದಿಂದ ಮಂಗಳದವರೆಗೆ, ಮೂರು ಗಂಟೆ. ಅಮೆರಿಕಕ್ಕೆ ಬಂದ ಮೇಲೆ ನನಗೆ ಸಿಕ್ಕಿದ ಮೊದಲನೆಯದು. ಇದನ್ನು ಬಿಟ್ಟರೆ ನಾನು ‘ಮೊದಲು ಹಾಡುತ್ತಿದ್ದವಳು’ ಆಗಿಬಿಡುತ್ತೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಹಾಗೆ ಆದ ಹೆಂಗಸರನ್ನು ನಾನು ಪ್ರತಿ ಪಾಟ್‌ಲಕ್ ಊಟದಲ್ಲೂ ನೋಡುತ್ತಿದ್ದೆ. ಅಡುಗೆಮನೆಯಲ್ಲಿ ಪಲ್ಯ ಬಡಿಸುತ್ತಾ ಒಂದು ಸಾಲು ಗುನುಗಿ, ಯಾರಾದರೂ ತಿರುಗಿ ನೋಡಿದರೆ ನಿಲ್ಲಿಸಿಬಿಡುವವರು.

ಸಾಧನೆಗೆ ಹೊತ್ತು ಹೊಂದಿಸಿಕೊಂಡೆ. ಬೆಳಿಗ್ಗೆ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯವರು ಎದ್ದು ಓಡಾಡುವ ಸದ್ದು ಕೇಳಿದ ಮೇಲೆ ಮಂದ್ರದಲ್ಲಿ, ಕೆಳಗಿನ ಸ್ವರಗಳಲ್ಲಿ, ಸ್ವಲ್ಪ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಲ್ಯಾಬಿನ ಪಾರ್ಕಿಂಗ್ ಲಾಟಿನಲ್ಲಿ ನಿಂತ ನಮ್ಮ ಹಳೆಯ ಕಾರಿನೊಳಗೆ, ಗಾಜು ಏರಿಸಿಕೊಂಡು, ಸ್ಟಿಯರಿಂಗ್ ಮೇಲೆ ತಾಳ ಹಾಕುತ್ತಾ ಉಳಿದದ್ದು. ಒಂದು ದಿನ ಗಾಜಿನ ಮೇಲೆ ಟಕಟಕ ಸದ್ದಾಯಿತು. ನೋಡಿದರೆ ನನ್ನ ಪಕ್ಕದ ಬೆಂಚಿನ ಸಹೋದ್ಯೋಗಿ, ಸೀಕಾಕಸ್‌ನಲ್ಲಿ ಹುಟ್ಟಿ ಬೆಳೆದ ಇಟಾಲಿಯನ್ ಹೆಣ್ಣುಮಗಳು, ಗಾಬರಿಯಾಗಿ ನಿಂತಿದ್ದಳು. ನಾನು ಬಾಯಿ ದೊಡ್ಡದಾಗಿ ತೆರೆದು ಕೈ ಎತ್ತಿ ಇಳಿಸುತ್ತಿದ್ದದ್ದನ್ನು ದೂರದಿಂದ ನೋಡಿ ಅಳುತ್ತಿದ್ದೇನೆಂದು ಬಂದಿದ್ದಳು. ವಿಷಯ ತಿಳಿದ ಮೇಲೆ ಪಕ್ಕದ ಸೀಟಿನಲ್ಲಿ ಕೂತು, ತನ್ನ ಸ್ಯಾಂಡ್‌ವಿಚ್ ಬಿಚ್ಚಿ, ಮುಂದುವರಿಸು ಎಂದಳು. ಅಂದಿನಿಂದ ಲ್ಯಾಬಿನಲ್ಲಿ ನನ್ನ ಹಾಡಿನ ವಿಷಯ ಬಲ್ಲವಳು ಅವಳೊಬ್ಬಳು.

ನವೆಂಬರಿನಲ್ಲಿ ನನ್ನ ಗಂಟಲು ಕೈಕೊಡತೊಡಗಿತು.

ಮೊದಲು ತಾರ ಷಡ್ಜ, ಅಂದರೆ ಮೇಲಿನ ಸ, ಬಿರುಕು ಬಿಟ್ಟಿತು. ಆಮೇಲೆ ಅದರ ಕೆಳಗಿನ ನಿಷಾದ. ಡಿಸೆಂಬರ್ ಹೊತ್ತಿಗೆ ಸಂಜೆ ಮಗಳಿಗೆ ಕಥೆ ಓದುವುದೂ ಕಷ್ಟವಾಯಿತು. ಅವಳು ನನ್ನ ಗಲ್ಲ ಹಿಡಿದು, “ಅಮ್ಮಾ, ಯು ಸೌಂಡ್ ಲೈಕ್ ಎ ಫ್ರಾಗ್” ಎಂದಳು. ನಮ್ಮವರು ನಕ್ಕು, ನನ್ನ ಮುಖ ನೋಡಿ ನಗು ನಿಲ್ಲಿಸಿದರು.

ಎಲ್ಲರೂ ಅಂದದ್ದು ಒಂದೇ: ಈ ದೇಶದ ಚಳಿ. ನಾನೂ ನಂಬಿದೆ. ಮೊಸರು ಬಿಟ್ಟೆ. ಹುಳಿ ಬಿಟ್ಟೆ. ನಮ್ಮವರು ಹೀಟರಿನ ಮುಂದೆ ಅಗಲವಾದ ಪಾತ್ರೆಯಲ್ಲಿ ನೀರಿಟ್ಟು, ಗಾಳಿ ಒಣಗದಿರಲಿ ಎಂದು ದಿನಾ ತುಂಬಿಸಿದರು. ಕುತ್ತಿಗೆಗೆ ಮಫ್ಲರ್ ಸುತ್ತಿ ಮಲಗಿದೆ. ಮನೆಯಲ್ಲಿ ಬದಲಾಯಿಸಬಹುದಾದ ಏನೊಂದನ್ನೂ ಬಿಡಲಿಲ್ಲ. ಮನೆಯಾಚೆಗೆ ಹುಡುಕಬೇಕೆಂದು ನನಗೆ ಹೊಳೆಯಲೇ ಇಲ್ಲ. ಗಂಟಲು ಕೆಟ್ಟರೆ ತಿಂದದ್ದೋ ಕುಡಿದದ್ದೋ ಹೆಚ್ಚುಕಮ್ಮಿಯಾಗಿರಬೇಕು ಎಂದೇ ಬೆಳೆದವರು ನಾವು.

ಮೃದಂಗ ನುಡಿಸಬೇಕಿದ್ದವರು ಓಲ್ಡ್ ಬ್ರಿಡ್ಜ್‌ನಲ್ಲಿದ್ದ ಒಬ್ಬ ಸಿವಿಲ್ ಎಂಜಿನಿಯರ್. ಪೆಟ್ರೋಲಿಗಾಗಿ ಕಾರುಗಳು ರಸ್ತೆಯುದ್ದಕ್ಕೂ ಕ್ಯೂ ನಿಲ್ಲುತ್ತಿದ್ದ ಚಳಿಗಾಲ ಅದು. ಅವರು ಆ ಸಾಲಿನಲ್ಲಿ ಕಾದು, ಡ್ಯಾಶ್‌ಬೋರ್ಡಿನ ಮೇಲೆ ಬೆರಳಾಡಿಸಿ, ಅಭ್ಯಾಸ ಅಲ್ಲೇ ಮುಗಿಯಿತೆಂದು ತಮಾಷೆ ಮಾಡುತ್ತಾ ನಮ್ಮ ಮನೆಗೆ ಬರುತ್ತಿದ್ದರು. ಹಾಗೆ ಬಂದವರ ಎದುರಿಗೆ ನನ್ನ ಗಂಟಲು ಅರ್ಧಕ್ಕೆ ನಿಂತಾಗ ನನಗೆ ನೆಲ ನೋಡುವಂತಾಯಿತು. ನಾನು ಹಾಡುತ್ತಿದ್ದದ್ದು ಐದು ಮನೆ ಶ್ರುತಿಗೆ, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆಯನ್ನು ಷಡ್ಜವಾಗಿ ಇಟ್ಟುಕೊಂಡು. ಶ್ರುತಿಯನ್ನೇ ಇಳಿಸಿದರೆ ತಾರಸ್ಥಾಯಿ ಕೈಗೆ ಸಿಗಬಹುದು ಅನ್ನಿಸಿತು. ನಾಲ್ಕಕ್ಕೆ ಇಟ್ಟುಕೊಳ್ಳೋಣವೇ ಎಂದು ಕೇಳಿದೆ.

ಅವರು ಮೃದಂಗವನ್ನು ಮಗುವಿನಂತೆ ತೊಡೆಯ ಮೇಲೆ ತಿರುಗಿಸಿಕೊಂಡರು. ಬೆಂಗಳೂರಿನಲ್ಲಿ ಅವರು ತಮ್ಮ ಅಕ್ಕನ ಹಾಡಿಗೆ ನುಡಿಸುತ್ತಿದ್ದರಂತೆ. ವಿಮಾನದಲ್ಲಿ ತಂದದ್ದು ಅದೊಂದನ್ನೇ, ಹೆಂಗಸರ ಮೇಲಿನ ಶ್ರುತಿಗೆಂದೇ ಕಟ್ಟಿಸಿದ ಪುಟ್ಟ ಮೃದಂಗ. ಅರ್ಧ ಮನೆ ಇಳಿಸಬಹುದು, ಅದಕ್ಕಿಂತ ಕೆಳಗೆ ಹೋದರೆ ನಾದವೇ ಸತ್ತುಹೋಗುತ್ತದೆ.

“ನೋಡಿಮ್ಮಾ,” ಅಂದರು, “ನಿಮ್ಮ ಕಂಠ ಇಳೀಬಹುದು. ಇದು ಇಳಿಯೋದಿಲ್ಲ. ಇನ್ನೊಂದು ತರಿಸೋಣ ಅಂದ್ರೆ ಏಪ್ರಿಲ್ ಮುಗಿದಿರುತ್ತೆ.”

ಅಲ್ಲಿಗೆ ಆ ದಾರಿ ಮುಚ್ಚಿತು. ಐದಕ್ಕೆ ಹಾಡಬೇಕು, ಇಲ್ಲವೇ ಹಾಡಬಾರದು.

ಮಗನ ಮನೆಗೆ ಆಗಷ್ಟೇ ಮೈಸೂರಿನಿಂದ ಬಂದಿದ್ದ ಮೃದಂಗದವರ ತಾಯಿ ಇದನ್ನು ಕೇಳಿ ಸುಮ್ಮನೆ ಕೂರುವವರಲ್ಲ. ನಾನು ಅವರನ್ನು ದೊಡ್ಡಮ್ಮ ಎನ್ನುತ್ತಿದ್ದೆ. ಒಂಬತ್ತು ಗಜದ ಸೀರೆಯ ಮೇಲೆ ಮಗನ ಹಳೆಯ ಓವರ್‌ಕೋಟ್ ಹಾಕಿಕೊಂಡು, ಫ್ಲಾಸ್ಕ್ ಹಿಡಿದು ಬಂದರು. ಜ್ಯೇಷ್ಠಮಧು, ಕಾಳುಮೆಣಸು, ಒಣಶುಂಠಿ ಹಾಕಿ ಇಳಿಸಿದ ಕಷಾಯ. ನಾನು ಪೂರ್ತಿ ನುಂಗುವವರೆಗೂ ಎದುರಿಗೇ ನಿಂತು, “ನಾಲ್ಕು ದಿನ ಕುಡಿ. ಆಮೇಲೆ ನೀನೇ ನನ್ನ ಹತ್ರ ಬಂದು ಹಾಡ್ತೀಯ” ಎಂದರು.

ಹಾಗೇ ಆಯಿತು. ಕ್ರಿಸ್ಮಸ್ಸಿಗೆ ಲ್ಯಾಬು ಮುಚ್ಚಿತು. ರಜೆಯಲ್ಲಿ ಕಷಾಯ ಕುಡಿಯುತ್ತಾ, ಮಗಳಿಗೆ ಹೋಳಿಗೆ ಮಾಡಿಕೊಡುತ್ತಾ ಮನೆಯಲ್ಲಿದ್ದೆ. ಹೊಸ ವರ್ಷ ಬರುವ ಹೊತ್ತಿಗೆ ಕಲ್ಯಾಣಿ ರಾಗದಲ್ಲಿ ತಾರ ಷಡ್ಜ ಮುಟ್ಟಿ, ಅದರ ಮೇಲಿನ ಗಾಂಧಾರದವರೆಗೂ ಹೋಗಿ ಬಂದೆ. ಅಂದು ನಮ್ಮವರು ಕಾರಿನಲ್ಲಿ ಇದ್ದ ಪೆಟ್ರೋಲನ್ನೂ ಲೆಕ್ಕಿಸದೆ ಓಲ್ಡ್ ಬ್ರಿಡ್ಜ್‌ಗೆ ಕರೆದುಕೊಂಡು ಹೋದರು. ನಾನು ದೊಡ್ಡಮ್ಮನ ಎದುರು ಹಾಡಿದೆ. ಅವರು ಬೇಳೆ ಆರಿಸುವುದನ್ನು ನಿಲ್ಲಿಸದೆ, ‘ಗೊತ್ತಿತ್ತು’ ಎಂಬಂತೆ ತಲೆಯಾಡಿಸಿದರು.

ಜನವರಿಯಲ್ಲಿ ಲ್ಯಾಬು ತೆರೆಯಿತು. ಕಷಾಯ ಬಿಟ್ಟಿರಲಿಲ್ಲ. ಚಳಿಯೂ ಅಷ್ಟೇ ಇತ್ತು. ವಾರ ಮುಗಿಯುವಷ್ಟರಲ್ಲಿ ಗಂಟಲು ಮತ್ತೆ ಹೋಯಿತು.

ಅಂದು ನಾನು ಬೆಂಚಿನ ಮುಂದೆ ಬ್ಲ್ಯಾಂಕ್ ಮಾಡುತ್ತಿದ್ದೆ. ಪ್ರತಿ ಪರೀಕ್ಷೆಯ ಜೊತೆಗೂ ನಾವು ಇನ್ನೊಂದನ್ನು ಮಾಡುತ್ತಿದ್ದೆವು. ಎಲ್ಲ ದ್ರಾವಣಗಳೂ ಇರುತ್ತವೆ, ಮಾತ್ರೆಯ ಪುಡಿಯೊಂದು ಮಾತ್ರ ಇರುವುದಿಲ್ಲ. ಅದರಲ್ಲಿ ಏನು ಕಾಣುವುದಿಲ್ಲವೋ ಅದು ಪುಡಿಯಿಂದ ಬಂದದ್ದೆಂದು ಖಚಿತವಾಗುತ್ತದೆ. ಫ್ಲಾಸ್ಕನ್ನು ಅಲುಗಿಸುತ್ತಿದ್ದ ನನ್ನ ಕೈ ನಿಂತಿತು. ಚಳಿ ಇತ್ತು, ಒಣ ಗಾಳಿ ಇತ್ತು, ಕಷಾಯ ಇತ್ತು. ರಜೆಯ ವಾರದಲ್ಲಿ ಇಲ್ಲದ್ದು ಲ್ಯಾಬೊಂದೇ. ಆ ವಾರ ನನ್ನ ಬ್ಲ್ಯಾಂಕ್ ಆಗಿತ್ತು. ಕೆಮಿಸ್ಟ್ರಿ ಓದಿದವಳಿಗೆ ಇದು ಹೊಳೆಯಲು ಎರಡು ತಿಂಗಳು ಬೇಕಾಯಿತು.

ಲ್ಯಾಬಿನಲ್ಲಿ ಯಾವುದು ಎಂಬುದಕ್ಕೆ ಹೆಚ್ಚು ಯೋಚಿಸಬೇಕಿರಲಿಲ್ಲ. ನಾವು ಪರೀಕ್ಷಿಸುತ್ತಿದ್ದದ್ದು ಹೊಟ್ಟೆಯುರಿಗೆ ಕೊಡುವ ಮಾತ್ರೆಗಳನ್ನು. ಪುಡಿ ಮಾಡಿ, ತೂಗಿ, ತೆಳು ಆಮ್ಲದಲ್ಲಿ ಕರಗಿಸಿ, ಸೋಸಿ, ಅದರಿಂದ ಅಳತೆಗೆ ತೆಗೆದುಕೊಳ್ಳಬೇಕು. ಅದಕ್ಕೆ ಹತ್ತು ಮಿಲಿಲೀಟರ್ ಅಮೋನಿಯಾ ಬಫರ್ ಎಂಬ ಕ್ಷಾರ, ಚಿಟಿಕೆ ಬಣ್ಣ. ದ್ರಾಕ್ಷಿ ರಸದಂಥ ಕೆಂಪು ಬರುತ್ತದೆ. ಆಮೇಲೆ ಬ್ಯೂರೆಟ್ಟೆಂಬ ನಲ್ಲಿಯಿರುವ ಗಾಜಿನ ನಳಿಗೆಯಿಂದ ಹನಿಹನಿಯಾಗಿ ಇನ್ನೊಂದು ದ್ರಾವಣ ಬಿಟ್ಟು, ಕೆಂಪು ನೇರಳೆಯಾಗಿ, ಒಂದೇ ಒಂದು ಹನಿಗೆ ಅಚ್ಚ ನೀಲಿಯಾಗುವ ಗಳಿಗೆಯಲ್ಲಿ ನಿಲ್ಲಿಸಬೇಕು. ಆ ನೀಲಿ ನನಗೆ ಬಹಳ ಇಷ್ಟ. ಆದರೆ ಅಮೋನಿಯಾ ಬಫರಿನ ಬಾಟಲಿ ತೆರೆದರೆ ಕಣ್ಣಲ್ಲಿ ನೀರು ಬರುತ್ತದೆ. ಅದನ್ನು ನಾನು ದಿನವಿಡೀ ಬಾಯಿಂದ ಹೀರುತ್ತಿದ್ದೆ. ದ್ರಾವಣವನ್ನು ಹತ್ತಿ ತಡೆಯುತ್ತಿತ್ತು, ಆವಿಯನ್ನು ತಡೆಯುತ್ತಿರಲಿಲ್ಲ. ಬೇರೆಯವರು ಆತುರವಾಗಿ ತುಸುವೇ ಎಳೆದು ಬಿಡುತ್ತಿದ್ದರು. ನನ್ನದು ಹೊಟ್ಟೆಯ ತಳದಿಂದ ಬರುವ ನೀಳ ಉಸಿರು. ಮೇಷ್ಟ್ರು, ಸಿಸ್ಟರ್ ಇಬ್ಬರೂ ಕಲಿಸಿದ ಕ್ರಮದಲ್ಲೇ ನಾನು ಅಮೋನಿಯಾವನ್ನು ಗಂಟಲಿಗೆ ತುಂಬಿಕೊಳ್ಳುತ್ತಿದ್ದೆ.

ಆದರೂ ಇದು ಊಹೆ. ಪರೀಕ್ಷಿಸಿ ನೋಡಬೇಕಿತ್ತು. ಸೀಕಾಕಸ್‌ನವಳಿಗೆ ಹೇಳಿದೆ. ಅವಳೇ ದಾರಿ ಸೂಚಿಸಿದಳು: ನನ್ನ ಫ್ಲಾಸ್ಕುಗಳಿಗೂ ಬಫರ್ ಅವಳು ಹಾಕುವುದು, ಅವಳ ಪಾಲಿನ ಅರೆಯುವ ಕಲ್ಲುಬಟ್ಟಲುಗಳನ್ನು ನಾನು ತೊಳೆಯುವುದು. ಚಿಕ್ಕಂದಿನಲ್ಲಿ ಅವಳ ಮನೆಯ ಸುತ್ತ ಹಂದಿ ಸಾಕುವ ಫಾರ್ಮುಗಳಿದ್ದವಂತೆ. “ಸೀಕಾಕಸ್ ಮೂಗು ಇದು. ಇದಕ್ಕೆ ನಿನ್ನ ಅಮೋನಿಯಾ ಅಂದರೆ ಸೆಂಟ್” ಎಂದು ಅವಳ ಭಾಷೆಯಲ್ಲಿ ಹೇಳಿ ಮೂಗು ತಟ್ಟಿಕೊಂಡಳು.

ಎರಡು ವಾರ ಹಾಗೆ ನಡೆಸಿದೆವು. ಉಳಿದ ಯಾವುದನ್ನೂ ನಾನು ಬದಲಾಯಿಸಲಿಲ್ಲ. ಮೊದಲ ವಾರದ ಕೊನೆಗೆ ಮಂದ್ರ ಸ್ವಚ್ಛವಾಯಿತು. ಎರಡನೆಯ ವಾರ ಮಧ್ಯಸ್ಥಾಯಿ ಮೆಲ್ಲಗೆ ಮರಳಿತು. ಸಂತೋಷದಿಂದ ಕಾರಿನಲ್ಲಿ ಅವಳಿಗೆ ಹಾಡಿ ತೋರಿಸುತ್ತಿದ್ದಾಗ ಅವಳು ಕೆಮ್ಮಿದಳು. ನೀರು ಕುಡಿದು ಮತ್ತೆ ಕೆಮ್ಮಿದಳು. ಏನಿಲ್ಲ, ನೆಗಡಿ ಎಂದಳು. ಆದರೆ ಆ ಕೆಮ್ಮಿನ ಒಣ ಸದ್ದು ನವೆಂಬರಿನ ನನ್ನ ಗಂಟಲಿನದೇ. ನನಗೆ ಗುರುತು ಸಿಗದೆ ಇರಲು ಹೇಗೆ ಸಾಧ್ಯ?

ಆ ವಾರಾಂತ್ಯ ಮನೆಯಲ್ಲಿ ಮಾತಾಯಿತು. ಮೃದಂಗದವರು ನೇರವಾಗಿ ಕೆಲಸ ಬಿಟ್ಟುಬಿಡಿ ಎಂದರು. ಸಂಗೀತ ಇರುವವಳಿಗೆ ಆ ಬಾಟಲಿಗಳ ಸಹವಾಸ ಯಾಕೆ ಎಂದರು ದೊಡ್ಡಮ್ಮ. ನಮ್ಮವರು ಕಾಫಿ ಲೋಟ ತಿರುಗಿಸುತ್ತಾ, ಏಪ್ರಿಲಿನವರೆಗೆ ರಜೆ ಕೇಳಬಹುದಲ್ಲ ಎಂದರು. ಎಲ್ಲರೂ ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದರು. ಒಬ್ಬೊಬ್ಬರೂ ಒಂದನ್ನು ಉಳಿಸಿ ಇನ್ನೊಂದನ್ನು ಬಿಡಿಸುತ್ತಿದ್ದರು. ನನಗೋ, ಬೆಳಗಿನ ಷಡ್ಜ ಸರಿಯಾಗಿ ನಿಂತಾಗ ಆಗುವ ಸಮಾಧಾನ ಮತ್ತು ಕೆಂಪು ನೀಲಿಯಾಗುವಾಗಿನ ಸಮಾಧಾನ ಬೇರೆ ಬೇರೆ ಅನ್ನಿಸಿರಲೇ ಇಲ್ಲ. “ಸೋಮವಾರ ಕೇಳಿ ನೋಡ್ತೀನಿ” ಎಂದಷ್ಟೇ ಅಂದೆ.

ನಮ್ಮ ಲ್ಯಾಬಿನ ಒಂದು ಡ್ರಾಯರಿನ ತಳದಲ್ಲಿ ಕೆಂಪು ರಬ್ಬರಿನ ಬುರುಡೆಯೊಂದು ಬಿದ್ದಿತ್ತು. ಅದನ್ನು ಪಿಪೆಟ್ಟಿನ ತಲೆಗೆ ಸಿಕ್ಕಿಸಿ ಮೂರು ಕಡೆ ಒತ್ತಬೇಕು. ಒಂದು ಕಡೆ ಒತ್ತಿದರೆ ಬುರುಡೆಯ ಗಾಳಿ ಹೊರಗೆ, ಇನ್ನೊಂದು ಕಡೆ ಒತ್ತಿದರೆ ದ್ರಾವಣ ಮೇಲಕ್ಕೆ, ಮೂರನೆಯದಕ್ಕೆ ಕೆಳಕ್ಕೆ. ಬಾಯಿ ಬೇಡ. ಅದು ನಿಧಾನ, ಕೈ ನಡುಗುತ್ತದೆ, ಅಳತೆ ಕೆಡುತ್ತದೆ ಎಂದು ಯಾರೂ ಮುಟ್ಟುತ್ತಿರಲಿಲ್ಲ. ನಾನು ಅದನ್ನು ತೊಳೆದು, ಒರೆಸಿ, ಕೈಯಲ್ಲಿ ಹಿಡಿದುಕೊಂಡೇ ಮೇಲಧಿಕಾರಿಯ ಕೋಣೆಗೆ ಹೋದೆ.

ಇನ್ನು ಮೇಲೆ ಇದರಲ್ಲೇ ಅಳೆಯುತ್ತೇನೆ, ಸೀಕಾಕಸ್‌ನವಳಿಗೂ ಇನ್ನೊಂದು ಕೊಡಿಸಿ ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು. ‘ಅದು ವಿದ್ಯಾರ್ಥಿಗಳ ಆಟಿಕೆ, ನಾನು ಇಷ್ಟು ವರ್ಷ ಬಾಯಿಂದಲೇ ಅಳೆದಿದ್ದೇನೆ, ನನಗೇನಾಗಿದೆ?’ ಎಂದರು. ಎಲ್ಲರಿಗಿಂತ ಚೆನ್ನಾಗಿ ಬಾಯಿಂದ ಅಳೆಯುವವರು ನೀವು, ನಿಮಗ್ಯಾಕೆ ಇದು ಎಂದು ಕೇಳಿದರು.

ಹಿರಿಯರ ಮಾತಿಗೆ ಎದುರಾಡದೆ ಬೆಳೆದವಳು ನಾನು. ಯಾರಾದರೂ ‘ಹಾಡ್ತೀರಂತೆ’ ಎಂದು ಕೇಳಿದರೆ, ‘ಏನೋ ಸ್ವಲ್ಪ’ ಎಂದು ಹೇಳುವುದೇ ನಮ್ಮಲ್ಲಿ ರೂಢಿ. ಅದನ್ನೇ ಹೇಳಿದ್ದರೆ ಅವರು ನನ್ನನ್ನು ವಾಪಸ್ ಕಳಿಸುತ್ತಿದ್ದರು.

“ಐ ಆ್ಯಮ್ ಎ ಸಿಂಗರ್,” ಎಂದೆ.

ನನ್ನ ಬಗ್ಗೆ ನಾನು ಯಾವ ಭಾಷೆಯಲ್ಲೂ ಆ ಮಾತು ಹೇಳಿದ್ದು ಅದೇ ಮೊದಲು. ಅವರು ಪೆನ್ನು ಕೆಳಗಿಟ್ಟರು. ಆಪೆರಾವೇ ಎಂದು ಕೇಳಿದರು. ಅಲ್ಲ, ಆದರೆ ಅಷ್ಟೇ ಉದ್ದ ಎಂದೆ. ಏಪ್ರಿಲಿನ ಕಚೇರಿ, ರಜೆಯ ವಾರ, ಕಷಾಯ, ಬಫರ್ ಬಿಟ್ಟ ಎರಡು ವಾರ, ಪಕ್ಕದ ಬೆಂಚಿನ ಕೆಮ್ಮು, ಎಲ್ಲವನ್ನೂ ಲ್ಯಾಬಿನ ವರದಿಯ ಕ್ರಮದಲ್ಲಿ ಹೇಳಿದೆ. ಬ್ಲ್ಯಾಂಕ್ ಎಂಬ ಮಾತು ಬಂದಾಗ ಅವರ ಹುಬ್ಬು ಏರಿದ್ದು ಕಂಡೆ. ಬುರುಡೆ ಬಳಸಬಹುದು ಎಂದರು. ಆದರೆ ಜೋಡಿ ಉತ್ತರಗಳು ಮೊದಲಿನಷ್ಟೇ ಹೊಂದಬೇಕು. ಒಂದು ತಿಂಗಳವರೆಗೆ ನನ್ನ ಪ್ರತಿ ಫಲಿತಾಂಶವನ್ನೂ ಇನ್ನೊಬ್ಬರು ಮತ್ತೆ ಪರೀಕ್ಷಿಸುತ್ತಾರೆ. ಹೊಂದದಿದ್ದರೆ ನನ್ನನ್ನು ಬರೀ ತೂಕ ಹಾಕುವ ಕೋಣೆಗೆ ಕಳಿಸುವುದು ಅನಿವಾರ್ಯ. ಅವರ ಮಾತು ಕಠಿಣವಾಗಿತ್ತು, ಅನ್ಯಾಯವಾಗಿರಲಿಲ್ಲ. ಹೊರಡುವಾಗ, ಅಲ್ಲಿಯವರೆಗೆ ಬಫರನ್ನು ಗಾಳಿ ಎಳೆಯುವ ಗೂಡಿನೊಳಗಿಟ್ಟೇ ತೆರೆಯಿರಿ ಎಂದೂ ಹೇಳಿದರು.

ಮೊದಲ ವಾರ ನನ್ನ ಅವಳಿ ಮಕ್ಕಳು ದೂರದ ನೆಂಟರೂ ಅಲ್ಲದಷ್ಟು ಬೇರೆಯಾದವು. ದ್ರಾವಣ ಬುರುಡೆಯೊಳಕ್ಕೇ ನುಗ್ಗಿತು. ಗೆರೆಯ ಮೇಲೆ ನಿಲ್ಲಿಸಲು ಹೋದರೆ ದಡಕ್ಕನೆ ಕೆಳಗಿಳಿಯಿತು. ಉಸಿರಿನಲ್ಲಿದ್ದ ವಿದ್ಯೆ ಬೆರಳಿಗೆ ಬಂದಿರಲಿಲ್ಲ. ನನ್ನ ಫಲಿತಾಂಶಗಳನ್ನು ಮತ್ತೆ ಪರೀಕ್ಷಿಸಬೇಕಾದವರು ನಿಟ್ಟುಸಿರು ಬಿಡುತ್ತಿದ್ದದ್ದು ಕೇಳಿಸುತ್ತಿತ್ತು.

ಕೊನೆಗೆ ನನಗೆ ಗೊತ್ತಿದ್ದ ಒಂದೇ ದಾರಿ ಹಿಡಿದೆ. ಒಂದು ಹಳೆಯ ಪಿಪೆಟ್ಟನ್ನೂ ಬುರುಡೆಯನ್ನೂ ಕೇಳಿಕೊಂಡು ಮನೆಗೆ ತಂದೆ. ಅಡುಗೆಮನೆಯ ಕಟ್ಟೆಯ ಮೇಲೆ ಲೋಟದ ನೀರಿಗೆ ಒಂದು ಚಿಟಿಕೆ ಕುಂಕುಮ ಕದಡಿ, ಅಳೆಯುವ ಕೆಲಸವನ್ನು ಎಂಟೆಣಿಕೆಯ ಆದಿತಾಳಕ್ಕೆ ಕೂರಿಸಿದೆ. ಮೊದಲ ನಾಲ್ಕು ಎಣಿಕೆಗೆ ಏರಿಸುವುದು. ಮುಂದಿನ ಎರಡಕ್ಕೆ ಗೆರೆಗೆ ಇಳಿಸುವುದು. ಕೊನೆಯ ಎರಡಕ್ಕೆ ಬಿಡುವುದು. ಮೊದಲ ಕಾಲ, ಆಮೇಲೆ ಅದರ ಇಮ್ಮಡಿ ವೇಗದ ಎರಡನೆಯ ಕಾಲ, ಆಮೇಲೆ ಮೂರನೆಯದು. ಚಿಕ್ಕಂದಿನಲ್ಲಿ ಸರಳೆ ವರಸೆ ಹೇಳಿಸಿದ ಹಾಗೇ, ತಪ್ಪಿದರೆ ಮೊದಲಿನಿಂದ. ಮಗಳು ಸ್ಟೂಲಿನ ಮೇಲೆ ಕೂತು ತೊಡೆ ತಟ್ಟಿ ತಾಳ ಹಾಕಿದಳು. ನಮ್ಮವರು ಬಾಗಿಲಲ್ಲಿ ನಿಂತು ನೋಡಿ, “ಏನೇ, ಈ ವಯಸ್ಸಲ್ಲಿ ಪಾಠ ಶುರು ಆಯ್ತಾ?” ಎಂದರು. “ಸುಮ್ನಿರಿ, ಎಣಿಕೆ ತಪ್ಪತ್ತೆ” ಎಂದೆ. ಮಗಳು ಬೆರಳು ತುಟಿಗಿಟ್ಟು, “ಡ್ಯಾಡಿ, ಶ್‌” ಎಂದಳು. ಮರುದಿನ ಅವರೂ ಕಾಫಿ ಲೋಟ ಹಿಡಿದು ಬಂದು ಮಗಳ ಪಕ್ಕದಲ್ಲಿ ಕೂತರು. ಅವರ ತಾಳ ಸ್ವಲ್ಪ ಓಡುತ್ತಿತ್ತು.

ತಿಂಗಳು ಮುಗಿಯುವ ಮುಂಚೆ ಮೂರನೆಯ ಕಾಲದಲ್ಲೂ ಗೆರೆ ತಪ್ಪಲಿಲ್ಲ. ಲ್ಯಾಬಿನಲ್ಲಿ ನನ್ನ ಜೋಡಿಗಳು ಮತ್ತೆ ಹೊಂದಿದವು. ಮೇಲಧಿಕಾರಿ ಹಾಳೆಗಳನ್ನು ಬಹಳ ಹೊತ್ತು ನೋಡಿ ಸಹಿ ಹಾಕಿದರು. ಅದಾದ ಕೆಲವು ದಿನಕ್ಕೆ ರಟ್ಟಿನ ಪೆಟ್ಟಿಗೆಯೊಂದು ಬಂತು. ಒಳಗೆ ಪ್ರತಿ ಬೆಂಚಿಗೂ ಒಂದೊಂದು ಕೆಂಪು ಬುರುಡೆ. ಸೀಕಾಕಸ್‌ನವಳು ಮೊದಲ ದಿನವೇ ದ್ರಾವಣವನ್ನು ಬುರುಡೆಯೊಳಕ್ಕೆ ಎಳೆದುಕೊಂಡು ನನ್ನ ಕಡೆ ನೋಡಿದಳು. ಅವಳ ಪಕ್ಕ ನಿಂತು ಬೆಂಚಿನ ಮೇಲೆ ಮೆಲ್ಲಗೆ ತಾಳ ಹಾಕಿದೆ. ಹಿಂದೆ ಯಾರೋ ನಿಂತ ಹಾಗಾಯಿತು. ತಿರುಗಿ ನೋಡಿದರೆ ಮೇಲಧಿಕಾರಿ, ಕೈಯಲ್ಲಿ ತಮ್ಮದೊಂದು ಬುರುಡೆ. ನಾನು ನಿಲ್ಲಿಸಿದೆ. ಮುಂದುವರಿಸಿ ಎಂದು ಸನ್ನೆ ಮಾಡಿದರು.

ಗಂಟಲು ಅಷ್ಟು ಬೇಗ ಬರಲಿಲ್ಲ. ಮಂದ್ರ, ಮಧ್ಯ ಸರಿಯಿದ್ದವು. ಮೇಲೆ ಹೋದರೆ ಅಂಚು ಹರಿದ ಬಟ್ಟೆಯ ಹಾಗೆ ಎಳೆ ಬಿಡುತ್ತಿತ್ತು. ಒತ್ತಾಯ ಮಾಡದೆ, ದಿನಾ ಮುಟ್ಟಿ ಮುಟ್ಟಿ ಬಂದೆ. ದೊಡ್ಡಮ್ಮನ ಕಷಾಯವನ್ನೂ ಬಿಡಲಿಲ್ಲ. ಅದು ಗಂಟಲಿಗೆ ಹಿತವಾಗಿತ್ತು, ಬಿಟ್ಟರೆ ಅವರಿಗೆ ಬೇಸರವಾಗುತ್ತಿತ್ತು. ಕಚೇರಿಗೆ ಒಂದು ವಾರ ಇರುವಾಗ ಕೊನೆಯ ಅಭ್ಯಾಸಕ್ಕೆ ಮೃದಂಗದವರು ಬಂದರು. ಪಿಟೀಲು ನುಡಿಸಬೇಕಿದ್ದ ವೈದ್ಯಕೀಯ ವಿದ್ಯಾರ್ಥಿಯೂ ನ್ಯೂಯಾರ್ಕಿನಿಂದ ಬಸ್ಸು ಹಿಡಿದು ಬಂದಿದ್ದ. ಮೃದಂಗದವರು ಶ್ರುತಿ ಪೆಟ್ಟಿಗೆಯ ಮೇಲೆ ಬೆರಳಿಟ್ಟು, ನನ್ನ ಕಡೆ ನೋಡದೆ ಕೇಳಿದರು.

“ಎಲ್ಲಿಗಿಡ್ಲಿ? ನಾಲ್ಕೂವರೆ ಆದ್ರೆ ಹೇಗೋ ತಡ್ಕೋತದೆ ಇದು.”

“ಐದಕ್ಕೇ ಇಡಿ,” ಎಂದೆ.

ಅವರು ಮೃದಂಗದ ಅಂಚನ್ನು ಪುಟ್ಟ ಕಲ್ಲಿನಿಂದ ತಟ್ಟಿ ತಟ್ಟಿ ಐದಕ್ಕೆ ತಂದರು. ನಾನು ಷಡ್ಜ ಹಿಡಿದೆ, ಮೇಲಿನ ಷಡ್ಜಕ್ಕೆ ಹೋದೆ. ನಿಂತಿತು. ಅವರು ಮೃದಂಗದ ಮೇಲೆ ಒಂದೇ ಒಂದು ಪೆಟ್ಟು ಕೊಟ್ಟರು, ಸರಿಯಾಗಿ ಅದೇ ಸ್ವರದ ಮೇಲೆ.

ಕಚೇರಿಯ ದಿನ ಆಡಿಟೋರಿಯಂನಲ್ಲಿ ನೆಲದ ಮೇಣದ ವಾಸನೆ, ಹಿಂದಿನ ಪರದೆಯ ಮೇಲೆ ಮಕ್ಕಳ ನಾಟಕಕ್ಕೆ ಅಂಟಿಸಿದ್ದ ಕಾಗದದ ಚಂದ್ರ. ಅದನ್ನು ತೆಗೆಯಲು ಯಾರಿಗೂ ನೆನಪಾಗಿರಲಿಲ್ಲ. ಚಂದ್ರನ ಕೆಳಗೇ ಕೂತು ಹಾಡಿದೆ. ಮೂರನೆಯ ಸಾಲಿನಲ್ಲಿ ಸೀಕಾಕಸ್‌ನವಳು, ಅವಳ ಪಕ್ಕ ನಮ್ಮ ಮೇಲಧಿಕಾರಿ, ಅವರ ಹೆಂಡತಿ. ಅಂದು ಮೇಲಧಿಕಾರಿಯ ಕೋಟಿನ ಗುಂಡಿಗಳೆಲ್ಲ ಸರಿಯಾದ ಕಾಜಿನಲ್ಲಿದ್ದವು. ದೊಡ್ಡಮ್ಮ ಮೊದಲ ಸಾಲಿನಲ್ಲಿ ಫ್ಲಾಸ್ಕನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಕಾಂಬೋಧಿ ರಾಗದ ಆಲಾಪನೆಯಲ್ಲಿ ತಾರ ಷಡ್ಜದ ಮೇಲೆ ನಿಂತಾಗ ನನಗೆ ಎಲ್ಲರೂ ನೆನಪಾದರು: ಸೊಂಟಕ್ಕೆ ಬೆರಳಿಟ್ಟ ಸಿಸ್ಟರ್, ಬಡ್ಡಿಯ ಲೆಕ್ಕ ಹೇಳಿದ ಮೇಷ್ಟ್ರು, ನೀರಿನ ಪಾತ್ರೆ ತುಂಬಿಸಿದ ನಮ್ಮವರು, ನನ್ನ ಪಾಲಿನ ಅಮೋನಿಯಾ ಕುಡಿದ ಗೆಳತಿ. ಇಷ್ಟು ಜನ ಸೇರಿ ಹಿಡಿದ ಸ್ವರವದು. ಇಳಿಯಲು ಮನಸ್ಸಾಗದೆ ಇನ್ನೂ ಸ್ವಲ್ಪ ನಿಂತೆ.

ಮುಗಿದ ಮೇಲೆ ಜನ ವೇದಿಕೆಯ ಹತ್ತಿರ ಬಂದರು. ದೊಡ್ಡಮ್ಮ ಎಲ್ಲರಿಗಿಂತ ಮೊದಲು ಬಂದು ನನ್ನ ಪಕ್ಕ ನಿಂತು, ಬಂದವರಿಗೆಲ್ಲ ಕಷಾಯದ ವಿವರ ಹೇಳುತ್ತಿದ್ದರು. ನಾನು ಅವರ ಮಾತಿಗೆ ಹೂಂಗುಟ್ಟುತ್ತಿದ್ದೆ. ಆಗ ಮೇಲಧಿಕಾರಿ ಬಂದು ಕೈಕುಲುಕಿದರು. ಮುಖದಲ್ಲಿ ನಗುವಿರಲಿಲ್ಲ. ಲ್ಯಾಬಿನಲ್ಲಿ ಕೇಳುವ ದನಿಯಲ್ಲೇ ಕೇಳಿದರು.

“ನಡುವೆ ಒಂದು ಉದ್ದ ಸ್ವರ ಹಿಡಿದಿರಲ್ಲ. ಅದು ಎಷ್ಟು ಮಿಲಿಲೀಟರ್?”

ಅಷ್ಟರಲ್ಲಿ ದೊಡ್ಡಮ್ಮ ನನ್ನ ಸೆರಗು ಎಳೆದರು. “ಏನಂತೆ ಅವರದ್ದು?”

“ಎಷ್ಟು ಅಂತ ಕೇಳ್ತಿದ್ದಾರೆ ದೊಡ್ಡಮ್ಮ, ಕಷಾಯ.”

“ದಿನಾ ಅರ್ಧ ಲೋಟ ಅಂತ ಹೇಳು.”

ಹೇಳಿದೆ. ‘ಈ ಹಿರಿಯರ ಲೆಕ್ಕದಲ್ಲಿ ದಿನಾ ಅರ್ಧ ಲೋಟ ಕಷಾಯ’ ಎಂದೆ ಮೇಲಧಿಕಾರಿಗೆ. ಅವರು ದೊಡ್ಡಮ್ಮನನ್ನು ನೋಡಿದರು, ಫ್ಲಾಸ್ಕನ್ನು ನೋಡಿದರು, ಬಾಗಿ ನಮಸ್ಕರಿಸಿದರು. ಆಮೇಲೆ ಕೋಟಿನ ಜೇಬಿನಿಂದ ಪೆನ್ನು ತೆಗೆದು ಕಾರ್ಯಕ್ರಮದ ಹಾಳೆಯ ಅಂಚಿನಲ್ಲಿ ಅದನ್ನು ಬರೆದುಕೊಂಡರು.

ದೊಡ್ಡಮ್ಮ ಕತ್ತು ಚಾಚಿ ಹಾಳೆಯನ್ನು ನೋಡಿದರು. “ಬಿಸಿಬಿಸಿ ಅನ್ನೋದನ್ನ ಬರಕೊಂಡ್ರಾ ಕೇಳು,” ಎಂದರು.